ಮಾರಾಟವಾದ ಬಾಲಕ, ನಾಡು ಕಾಯ್ದ ಮಲಿಕ್ ಅಂಬರ್



ಒಡಹುಟ್ಟಿದವರಿಂದಲೇ ಮಾರಲ್ಪಟ್ಟು ಈಜಿಪ್ಟಿಗೆ ಹೋದ ಜೋಸೆಫನ ಕಥೆ ನಿಮಗೆಲ್ಲ ಗೊತ್ತು. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕಣ್ಣರಳಿಸಿ ಕೇಳುವ ಕಥೆ ಅದು. ಅಪ್ಪನ ಮುದ್ದಿನ ಮಗ ಪರದೇಶದಲ್ಲಿ ಗುಲಾಮನಾದ, ಸೆರೆಮನೆ ಕಂಡ, ಕಡೆಗೆ ಆ ನಾಡನ್ನೇ ಬರಗಾಲದಿಂದ ಉಳಿಸಿದ. ಇಂಥದ್ದೇ ಒಂದು ಬಾಳು ನಮ್ಮ ದಖ್ಖನಿನ ನೆಲದಲ್ಲಿಯೂ ನಡೆದುಹೋಗಿದೆ. ಆ ಬಾಳನ್ನು ಬಾಳಿದವನು ಆಫ್ರಿಕ ಖಂಡದಲ್ಲಿ ಹುಟ್ಟಿದ ಮಲಿಕ್ ಅಂಬರ್.

ನಮಗೂ ಅವನಿಗೂ ಏನು ನಂಟು ಎಂದು ನೀವು ಕೇಳಬಹುದು. ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಗೆ ಹೋದವರು ಅಲ್ಲಿ ಶಹಾಜಿ ಭೋಂಸ್ಲೆಯವರ ಸಮಾಧಿಯನ್ನು ನೋಡಿರುತ್ತೀರಿ. ಶಿವಾಜಿ ಮಹಾರಾಜರ ತಂದೆ ಅವರು. 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಅಲ್ಲಿಯೇ ತೀರಿಕೊಂಡರು. ಆ ಶಹಾಜಿ ತರುಣನಾಗಿದ್ದಾಗ ರಣರಂಗದಲ್ಲಿ ಪಳಗಿದ್ದು ಈ ಆಫ್ರಿಕದ ಮುದುಕನ ಕೈಕೆಳಗೆ. ಹೊದಿಗೆರೆಯ ಸಮಾಧಿಯಿಂದ ಹೊರಟ ಎಳೆಯೊಂದನ್ನು ಹಿಡಿದು ಹಿಂದೆ ಹಿಂದೆ ಹೋದರೆ ನಾವು ಎಥಿಯೋಪಿಯದ ಬೆಟ್ಟಗುಡ್ಡಗಳನ್ನು ತಲಪುತ್ತೇವೆ. ಬನ್ನಿ, ಆ ದಾರಿಯಲ್ಲಿ ಸ್ವಲ್ಪ ದೂರ ಹೋಗಿಬರೋಣ.

ಕತ್ತಲ ಖಂಡವಲ್ಲ

ಆಫ್ರಿಕ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾಡು, ಪ್ರಾಣಿ, ಬರಗಾಲ. ಶಾಲೆಯಲ್ಲಿ ನಾವು ಕಲಿತದ್ದೂ ಬಹುಮಟ್ಟಿಗೆ ಅಷ್ಟೇ. ಆದರೆ ಪ್ರೇಷಿತರ ಕಾರ್ಯಕಲಾಪಗಳ ಪುಸ್ತಕವನ್ನು ಓದಿದವರು ಒಬ್ಬ ಎಥಿಯೋಪಿಯದ ಅಧಿಕಾರಿಯನ್ನು ಮರೆಯಲಾರರು. ರಾಣಿಯ ಖಜಾನೆಯನ್ನು ನೋಡಿಕೊಳ್ಳುತ್ತಿದ್ದ ಅವನು ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದ. ಫಿಲಿಪ್ಪನಿಂದ ದೀಕ್ಷಾಸ್ನಾನ ಪಡೆದ. ಓದು ಬಲ್ಲವನು, ಲೆಕ್ಕಪತ್ರ ಬಲ್ಲವನು, ದೂರದೇಶಕ್ಕೆ ಯಾತ್ರೆ ಹೋಗಬಲ್ಲವನು. ಅವನ ನಾಡು ಹೇಗಿದ್ದಿರಬಹುದೆಂದು ಅದರಿಂದಲೇ ಊಹಿಸಬಹುದು.

ನಾಲ್ಕನೆಯ ಶತಮಾನದಲ್ಲಿ ಎಥಿಯೋಪಿಯದ ಅಕ್ಸುಮ್ ರಾಜ್ಯದ ದೊರೆ ಎಜಾನ ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿದ. ಆ ರಾಜ್ಯಕ್ಕೆ ತನ್ನದೇ ಲಿಪಿ ಇತ್ತು, ತನ್ನದೇ ಚಿನ್ನದ ನಾಣ್ಯವಿತ್ತು, ಕೆಂಪು ಸಮುದ್ರದ ದಡದಲ್ಲಿ ಅದೂಲಿಸ್ ಎಂಬ ರೇವು ಇತ್ತು. ಅಲ್ಲಿಗೆ ಭಾರತದ ಹಡಗುಗಳೂ ಹೋಗುತ್ತಿದ್ದವು. ಎಥಿಯೋಪಿಯದ ದೆಬ್ರೆ ದಾಮೊ ಎಂಬ ಬೆಟ್ಟದ ಮೇಲಿನ ಮಠದಲ್ಲಿ ನಮ್ಮ ಉತ್ತರ ಭಾರತದ ಕುಶಾನ ಅರಸರ ಚಿನ್ನದ ನಾಣ್ಯಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. 1200ರ ಸುಮಾರಿಗೆ ಲಾಲಿಬೆಲ ಎಂಬ ದೊರೆಯ ಕಾಲದಲ್ಲಿ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತಾ ಹೋಗಿ ಇಡೀ ದೇವಾಲಯಗಳನ್ನೇ ಬಿಡಿಸಿದರು. ಅಲ್ಲಿ ಹನ್ನೊಂದು ದೇವಾಲಯಗಳಿದ್ದು, ಇಂದಿಗೂ ಆರಾಧನೆ ನಡೆಯುತ್ತದೆ. 1441ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಡೆದ ಧರ್ಮಸಭೆಯ ಮಹಾಸಭೆಗೆ ಜೆರುಸಲೇಮಿನಲ್ಲಿದ್ದ ಎಥಿಯೋಪಿಯದ ಸನ್ಯಾಸಿಗಳೂ ಬಂದಿದ್ದರು.

ಎಥಿಯೋಪಿಯವೊಂದೇ ಅಲ್ಲ. ಪಶ್ಚಿಮ ಆಫ್ರಿಕದ ಮಾಲಿ ರಾಜ್ಯದ ದೊರೆ ಮನ್ಸ ಮೂಸ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟಾಗ ದಾರಿಯಲ್ಲಿ ಕೈರೋ ನಗರದಲ್ಲಿ ಅವನು ಹಂಚಿದ ಚಿನ್ನದಿಂದ ಅಲ್ಲಿ ಚಿನ್ನದ ಬೆಲೆಯೇ ಇಳಿದುಹೋಯಿತಂತೆ. ಪೂರ್ವ ಕರಾವಳಿಯ ಕಿಲ್ವ, ಮೊಗದಿಶು ಮೊದಲಾದ ರೇವುಗಳು ಅರಬ್ಬರೊಡನೆ, ಗುಜರಾತಿನೊಡನೆ, ಚೀನಾದೊಡನೆ ವ್ಯಾಪಾರ ಮಾಡುತ್ತಿದ್ದವು. ಮೊರಾಕೊದ ಪ್ರವಾಸಿ ಇಬ್ನ್ ಬತೂತ ಕಿಲ್ವವನ್ನೂ ನೋಡಿದ, ಮಾಲಿಯನ್ನೂ ನೋಡಿದ. ನಡುವೆ ನಮ್ಮ ಹೊನ್ನಾವರ, ಮಂಗಳೂರುಗಳಿಗೂ ಬಂದಿದ್ದ. ಭಾರತದ ಕಡಲಿನಲ್ಲಿ ಹಡಗುಗಳನ್ನು ಕಳ್ಳರಿಂದ ಕಾಯಲು ಹಬ್ಶಿ ಯೋಧರನ್ನು ಇಟ್ಟುಕೊಳ್ಳುತ್ತಿದ್ದರೆಂದು ಅವನು ಬರೆದಿದ್ದಾನೆ. ಹಬ್ಶಿ ಎಂದರೆ ಎಥಿಯೋಪಿಯ ಸೀಮೆಯವನು ಎಂದರ್ಥ. ಆ ಕಾಲದಲ್ಲಿ ಕಡಲು ಖಂಡಗಳನ್ನು ದೂರ ಮಾಡುವ ಗೋಡೆಯಾಗಿರಲಿಲ್ಲ, ಜನ ಓಡಾಡುವ ಹೆದ್ದಾರಿಯಾಗಿತ್ತು. ಆದರೆ ಆ ಹೆದ್ದಾರಿಯಲ್ಲಿ ತಮ್ಮ ಇಷ್ಟದಿಂದ ಬಂದವರ ಜೊತೆಗೆ ಕಟ್ಟಿ ತಂದವರೂ ಇದ್ದರು.

ಸಂತೆಯಿಂದ ಸಂತೆಗೆ

1548ರ ಸುಮಾರಿಗೆ ಎಥಿಯೋಪಿಯದ ದಕ್ಷಿಣ ಭಾಗದಲ್ಲಿ ಚಾಪು ಎಂಬ ಮಗು ಹುಟ್ಟಿತು. ಅದು ಯುದ್ಧದಿಂದ ಜರ್ಜರಿತವಾಗಿದ್ದ ಕಾಲ. 1529ರಿಂದ 1543ರವರೆಗೆ ಅದಾಲ್ ಸುಲ್ತಾನರ ಸೇನಾನಿ ಅಹಮದ್ ಗ್ರಾನ್ ಎಥಿಯೋಪಿಯದ ಕ್ರೈಸ್ತ ರಾಜ್ಯದ ಮೇಲೆ ದಂಡೆತ್ತಿ ಬಂದಿದ್ದ. 1541ರಲ್ಲಿ ವಾಸ್ಕೊ ಡ ಗಾಮನ ಮಗ ಕ್ರಿಸ್ತೋವನು 400 ಪೋರ್ಚುಗೀಸ್ ಸೈನಿಕರೊಡನೆ ಆ ರಾಜ್ಯದ ನೆರವಿಗೆ ಹೋಗಿ, ಮರುವರ್ಷ ಅಲ್ಲಿಯೇ ಪ್ರಾಣ ಕೊಟ್ಟ. ಅವನನ್ನು ಕರೆದೊಯ್ದ ಹಡಗುಗಳು ಹೊರಟದ್ದು ನಮ್ಮ ಪಕ್ಕದ ಗೋವೆಯಿಂದ. ಯುದ್ಧ ಮುಗಿದರೂ ಹಸಿವು ಮುಗಿಯಲಿಲ್ಲ. ಹೊಲ ಹಾಳುಬಿದ್ದು, ಊರುಗಳು ಚದುರಿಹೋಗಿದ್ದವು. ಇಂಥ ಹೊತ್ತಿನಲ್ಲಿ ಮನುಷ್ಯರನ್ನು ಹಿಡಿದು ಮಾರುವವರಿಗೆ ಸುಗ್ಗಿ. ಕ್ರೈಸ್ತ ರಾಜ್ಯಕ್ಕೂ ಸುಲ್ತಾನರ ರಾಜ್ಯಗಳಿಗೂ ಸೇರದ ಗಡಿಯಾಚೆಯ ಬುಡಕಟ್ಟುಗಳ ಮಕ್ಕಳು ಹೆಚ್ಚಾಗಿ ಇವರ ಕೈಗೆ ಸಿಗುತ್ತಿದ್ದರು. ಎರಡೂ ಕಡೆಯವರೂ ಈ ವ್ಯಾಪಾರದಿಂದ ಲಾಭ ಪಡೆದರೆಂಬುದನ್ನು ಮರೆಮಾಡುವಂತಿಲ್ಲ.

ಚಾಪುವನ್ನು ಹೆತ್ತವರೇ ಬಡತನದಿಂದ ಮಾರಿದರೆಂದು ಒಂದು ಹಳೆಯ ಚರಿತ್ರೆ ಹೇಳುತ್ತದೆ. ಅವನು ಕಡಲು ದಾಟಿ ಯೆಮೆನ್ ದೇಶದ ಮೋಕಾ ರೇವಿಗೆ ಬಂದ. ಅಲ್ಲಿ 20 ಡುಕಾಟ್ ಚಿನ್ನದ ನಾಣ್ಯಗಳಿಗೆ ಮಾರಾಟವಾದನೆಂದು ಹೇಳುತ್ತಾರೆ. ಜೋಸೆಫನ ಬೆಲೆಯೂ ಇಪ್ಪತ್ತು ಬೆಳ್ಳಿ ನಾಣ್ಯವಾಗಿತ್ತು ಎಂಬುದು ನಿಮಗೆ ನೆನಪಾಗಬಹುದು. ಮೋಕಾದಿಂದ ಅವನು ಬಾಗ್ದಾದಿಗೆ ಬಂದ. ಅಲ್ಲಿ ಅವನನ್ನು ಕೊಂಡ ಮೀರ್ ಖಾಸಿಮ್ ಎಂಬ ವ್ಯಾಪಾರಿ ಹುಡುಗನ ಬುದ್ಧಿಯನ್ನು ಗುರುತಿಸಿ ಓದುಬರಹ, ಲೆಕ್ಕಾಚಾರ ಕಲಿಸಿದ. ಇಸ್ಲಾಮಿಗೆ ಸೇರಿಸಿ ಅಂಬರ್ ಎಂದು ಹೆಸರಿಟ್ಟ. ಅಂಬರ್ ಎಂದರೆ ತಿಮಿಂಗಿಲದಿಂದ ಸಿಗುವ ಬಲು ಬೆಲೆಯ ಸುಗಂಧದ್ರವ್ಯ. ಗುಲಾಮರಿಗೆ ಇಂಥ ಸುಗಂಧದ, ರತ್ನದ ಹೆಸರಿಡುವುದು ಆಗ ರೂಢಿ. ಕೇಳಲು ಇಂಪಾದ ಹೆಸರೇನೋ ಹೌದು. ಆದರೆ ಅಪ್ಪನ ಹೆಸರಿಲ್ಲ, ಊರಿನ ಹೆಸರಿಲ್ಲ. ತಾಯಿ ಇಟ್ಟ ಹೆಸರಿನ ಜಾಗದಲ್ಲಿ ಅಂಗಡಿಯ ಸರಕಿನ ಹೆಸರು ಬಂದು ಕೂತಿತು.

ಈ ವ್ಯಾಪಾರದ ಇನ್ನೊಂದು ತುದಿ ನಮ್ಮ ಕಡೆಗೇ ಇತ್ತು. ಎಥಿಯೋಪಿಯದ ಸಿರಿವಂತರಿಗೆ ಭಾರತದ ಹತ್ತಿಬಟ್ಟೆ, ರೇಷ್ಮೆ ಬೇಕಾಗಿತ್ತು. ದಖ್ಖನಿನ ಸುಲ್ತಾನರಿಗೆ ಸೈನಿಕರು ಬೇಕಾಗಿದ್ದರು. ಇಲ್ಲಿಂದ ಬಟ್ಟೆ ಹೋಯಿತು, ಅಲ್ಲಿಂದ ಮಕ್ಕಳು ಬಂದರು. ಹತ್ತಿ ಗಿರಣಿಗಳಿಂದ ಹೆಸರಾದ ನಮ್ಮ ದಾವಣಗೆರೆಯವರು ಈ ಮಾತನ್ನು ಒಂದು ಕ್ಷಣ ನಿಂತು ಯೋಚಿಸಬೇಕು. ನೇಯ್ದವನಿಗೆ ತನ್ನ ಬಟ್ಟೆ ಎಲ್ಲಿಗೆ ಹೋಯಿತೆಂದು ಗೊತ್ತಿರಲಿಲ್ಲ. ಅವನ ತಪ್ಪು ಅದರಲ್ಲಿ ಇಲ್ಲ. ಆದರೂ ಎಲ್ಲಿಯೋ ಒಂದು ಗುಡಿಸಲಲ್ಲಿ ಮಗುವೊಂದು ಕಾಣೆಯಾಗಿತ್ತು.

ದಖ್ಖನಿನಲ್ಲಿ

1570ರ ದಶಕದ ಆರಂಭದಲ್ಲಿ ಅಂಬರ್ ದಖ್ಖನಿಗೆ ಬಂದ. ಅಹಮದ್‌ನಗರದ ನಿಜಾಮ್ ಶಾಹಿ ರಾಜ್ಯದ ಪ್ರಧಾನಮಂತ್ರಿ ಚೆಂಗೀಜ್ ಖಾನ್ ಅವನನ್ನು ಕೊಂಡುಕೊಂಡ. ಆ ಮಂತ್ರಿಯೂ ಒಂದು ಕಾಲದಲ್ಲಿ ಗುಲಾಮನಾಗಿ ಬಂದ ಹಬ್ಶಿಯೇ. ಅವನ ಬಳಿ ಸಾವಿರ ಹಬ್ಶಿಗಳಿದ್ದರಂತೆ. ದಖ್ಖನಿನ ಅರಸರು ಇವರನ್ನು ಇಷ್ಟಪಟ್ಟು ಕೊಳ್ಳುತ್ತಿದ್ದುದಕ್ಕೆ ಕಾರಣವಿತ್ತು. ಸ್ಥಳೀಯ ಸರದಾರನಿಗೆ ಬಂಧುಬಳಗವಿರುತ್ತದೆ, ಜಮೀನಿರುತ್ತದೆ. ಅವನ ನಿಷ್ಠೆ ಯಾವಾಗ ಎತ್ತ ವಾಲುತ್ತದೆಂದು ಹೇಳಲಾಗದು. ಹಬ್ಶಿಗೆ ಒಡೆಯನನ್ನು ಬಿಟ್ಟರೆ ಈ ನಾಡಿನಲ್ಲಿ ಯಾರೂ ಇಲ್ಲ. ಅವನ ಅನಾಥತನವೇ ಅವನ ಅರ್ಹತೆಯಾಗಿತ್ತು.

ಆದರೂ ದಖ್ಖನಿನ ಗುಲಾಮಗಿರಿಗೆ ಒಂದು ಬಾಗಿಲಿತ್ತು. ಒಡೆಯ ಸತ್ತಾಗ ಗುಲಾಮ ಸ್ವತಂತ್ರನಾಗಬಹುದಿತ್ತು. ಸ್ವತಂತ್ರನಾದವನು ತನ್ನದೇ ದಂಡು ಕಟ್ಟಿ, ಮದುವೆಯಾಗಿ, ಸರದಾರನಾಗಬಹುದಿತ್ತು. ಅಮೆರಿಕದ ಕಬ್ಬಿನ ತೋಟಗಳಿಗೆ ಸಾಗಿಸಲ್ಪಟ್ಟ ಆಫ್ರಿಕನ್ನರಿಗೆ ಇಂಥ ಬಾಗಿಲು ತೆರೆದದ್ದು ತೀರ ಅಪರೂಪ. ಐದು ವರ್ಷದೊಳಗೆ ಚೆಂಗೀಜ್ ಖಾನ್ ಸತ್ತ. ಅವನ ವಿಧವೆ ಅಂಬರನನ್ನು ಬಿಡುಗಡೆ ಮಾಡಿದಳು. ಅವನು ಕರೀಮಾ ಎಂಬ ಹೆಣ್ಣನ್ನು ಮದುವೆಯಾದ.

ಮುಂದಿನ ಇಪ್ಪತ್ತು ವರ್ಷ ಅವನದು ಅಲೆಮಾರಿ ಯೋಧನ ಜೀವನ. ಒಂದಷ್ಟು ಕುದುರೆ ಸವಾರರನ್ನು ಕೂಡಿಸಿಕೊಂಡು, ಕೂಲಿ ಕೊಡುವ ಕಡೆ ಸೇವೆಗೆ ನಿಲ್ಲುತ್ತಿದ್ದ. ನಮ್ಮ ಬಿಜಾಪುರದ ಆದಿಲ್ ಶಾಹಿ ಸೇವೆಯಲ್ಲಿಯೂ ಇದ್ದ. ಮಲಿಕ್ ಎಂಬ ಬಿರುದು ಅಲ್ಲಿಯೇ ದೊರೆಯಿತೆನ್ನುತ್ತಾರೆ. 1595ರಲ್ಲಿ ಅವನು ಅಹಮದ್‌ನಗರಕ್ಕೆ ಮರಳಿದಾಗ ಅವನ ಹಿಂದೆ ಇದ್ದವರು ಬರೀ 150 ಸವಾರರು. ವಯಸ್ಸು ಆಗಲೇ ನಲವತ್ತೇಳರ ಆಚೀಚೆ. ನಮ್ಮಲ್ಲಿ ಅನೇಕರು ನಿವೃತ್ತಿಯ ಲೆಕ್ಕ ಹಾಕತೊಡಗುವ ವಯಸ್ಸಿನಲ್ಲಿ ಅವನ ನಿಜವಾದ ಕೆಲಸ ಶುರುವಾಯಿತು.

ಸೋತ ರಾಜ್ಯಕ್ಕೆ ಆಸರೆ

ಆಗ ಉತ್ತರದಿಂದ ಮೊಗಲ್ ಸಾಮ್ರಾಟ ಅಕ್ಬರನ ಸೈನ್ಯ ದಖ್ಖನಿನ ಮೇಲೆ ಬರುತ್ತಿತ್ತು. ಬಿಜಾಪುರದ ಸುಲ್ತಾನನ ವಿಧವೆ ಚಾಂದ್ ಬೀಬಿ ತವರಾದ ಅಹಮದ್‌ನಗರದ ಕೋಟೆಯನ್ನು ಕಾದು ನಿಂತ ವೀರಗಾಥೆ ನೀವು ಶಾಲೆಯಲ್ಲಿ ಓದಿರಬಹುದು. 1600ರಲ್ಲಿ ಅವಳು ತನ್ನವರ ಕೈಯಿಂದಲೇ ಕೊಲೆಯಾದಳು, ಕೋಟೆ ಮೊಗಲರ ವಶವಾಯಿತು, ಸುಲ್ತಾನ ಸೆರೆಯಾದ. ರಾಜ್ಯ ಮುಗಿಯಿತೆಂದು ಎಲ್ಲರೂ ತಿಳಿದರು.

ಅಂಬರ್ ಹಾಗೆ ತಿಳಿಯಲಿಲ್ಲ. ಬಿಜಾಪುರದ ಆಶ್ರಯದಲ್ಲಿದ್ದ ನಿಜಾಮ್ ಶಾಹಿ ವಂಶದ ತರುಣನೊಬ್ಬನನ್ನು ಹುಡುಕಿ ತಂದು, ಪರಾಂಡ ಕೋಟೆಯಲ್ಲಿ ಎರಡನೆಯ ಮುರ್ತಜಾ ಎಂಬ ಹೆಸರಿನಲ್ಲಿ ಪಟ್ಟ ಕಟ್ಟಿ, ತನ್ನ ಮಗಳನ್ನೂ ಕೊಟ್ಟು ಮದುವೆ ಮಾಡಿದ. ತಾನು ಪ್ರಧಾನಿಯಾಗಿ ನಿಂತ. ಚದುರಿಹೋದ ಸೈನಿಕರು ಒಬ್ಬೊಬ್ಬರಾಗಿ ಅವನ ಬಳಿ ಬಂದರು. ಹತ್ತು ವರ್ಷದಲ್ಲಿ ಅಹಮದ್‌ನಗರದ ಕೋಟೆಯನ್ನೂ ಮರಳಿ ಪಡೆದ. ಆ ಹೊತ್ತಿಗೆ ಅವನ ಸೈನ್ಯದಲ್ಲಿ ಹತ್ತು ಸಾವಿರ ಹಬ್ಶಿಗಳೂ ನಲವತ್ತು ಸಾವಿರ ದಖ್ಖನಿಗರೂ ಇದ್ದರೆಂದು ಇಂಗ್ಲಿಷ್ ವ್ಯಾಪಾರಿ ವಿಲಿಯಂ ಫಿಂಚ್ ಬರೆದಿದ್ದಾನೆ.

ಮೊಗಲರ ಬಳಿ ಆನೆ, ದೊಡ್ಡ ಫಿರಂಗಿ, ಲೆಕ್ಕವಿಲ್ಲದಷ್ಟು ಜನ. ಬಯಲಿನಲ್ಲಿ ಎದುರಾದರೆ ಗೆಲ್ಲುವಂತಿರಲಿಲ್ಲ. ಅಂಬರ್ ಮರಾಠ ಸವಾರರನ್ನು ಕಟ್ಟಿಕೊಂಡು ಬೇರೆ ದಾರಿ ಹಿಡಿದ. ಶತ್ರುವಿನ ಕಾಳುಕಡಿ ಬರುವ ದಾರಿ ತಡೆಯುವುದು, ರಾತ್ರಿ ಪಾಳೆಯಕ್ಕೆ ನುಗ್ಗಿ ಬೆಳಗಾಗುವುದರೊಳಗೆ ಬೆಟ್ಟ ಸೇರುವುದು, ಬೆನ್ನಟ್ಟಿ ಬಂದವರನ್ನು ಕಣಿವೆಗೆ ಎಳೆದು ಸುತ್ತುವರಿಯುವುದು. ಮುಂದೆ ಶಿವಾಜಿ ಮಹಾರಾಜರ ಕಾಲದಲ್ಲಿ ಲೋಕಪ್ರಸಿದ್ಧವಾದ ಯುದ್ಧಕ್ರಮ ಇದೇ.

ಅಕ್ಬರನ ಮಗ ಜಹಾಂಗೀರನಿಗೆ ಈ ಅಂಬರ್ ಕಣ್ಣಿನ ಕಸವಾದ. ಸಾಮ್ರಾಟ ತನ್ನ ದಿನಚರಿಯಲ್ಲಿ ಇವನ ಮೈಬಣ್ಣವನ್ನೇ ಬೈಗುಳವಾಗಿಸಿ ಬರೆದ. ಅಬುಲ್ ಹಸನ್ ಎಂಬ ಆಸ್ಥಾನ ಚಿತ್ರಕಾರ 1616ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಜಹಾಂಗೀರ್ ಭೂಗೋಳದ ಮೇಲೆ ನಿಂತು, ಈಟಿಯ ತುದಿಗೆ ಚುಚ್ಚಿದ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಆದರೆ ಆ ತಲೆ ಅವನಿಗೆ ಸಿಕ್ಕಿದ್ದು ಚಿತ್ರದಲ್ಲಿ ಮಾತ್ರ.

ಅಂಬರನನ್ನು ಸಂತನೆಂದು ಚಿತ್ರಿಸಲು ನಾನು ಹೊರಟಿಲ್ಲ. 1610ರಲ್ಲಿ ಸುಲ್ತಾನ ಮುರ್ತಜಾ ಮತ್ತು ಅವನ ಹಿರಿಯ ಹೆಂಡತಿ ವಿಷದಿಂದ ಸತ್ತರು. ಪರ್ಷಿಯ ಮೂಲದ ಆ ರಾಣಿ ಅಂಬರನ ಮಗಳನ್ನು ಗುಲಾಮಳೆಂದು ಹೀಯಾಳಿಸಿದ್ದಳೆಂದೂ, ಅದನ್ನು ತಾಳಲಾರದೆ ಅಂಬರನೇ ವಿಷ ಹಾಕಿಸಿದನೆಂದೂ ಡಚ್ ವ್ಯಾಪಾರಿ ಪೀಟರ್ ವಾನ್ ಡೆನ್ ಬ್ರೂಕ್ ದಾಖಲಿಸಿದ್ದಾನೆ. ಅಂಬರ್ ಮೃತ ಸುಲ್ತಾನನ ಎಳೆಯ ಮಗನನ್ನು ಪಟ್ಟಕ್ಕೆ ಕೂರಿಸಿ ತಾನೇ ಆಳಿದ. ರಾಜ್ಯ, ಸೈನ್ಯ, ಸಂಪತ್ತು ಎಲ್ಲವೂ ಕೈಯಲ್ಲಿದ್ದರೂ ಗುಲಾಮ ಎಂಬ ಒಂದು ಮಾತು ಅವನಿಗೆ ಎಷ್ಟು ಆಳವಾಗಿ ನಾಟಿತ್ತು ನೋಡಿ. ಹಾಗೆಂದು ಕೊಲೆ ಕೊಲೆಯಲ್ಲದೆ ಹೋಗುವುದಿಲ್ಲ. ಗಾಯಗೊಂಡವನು ಗಾಯ ಮಾಡುವುದನ್ನೂ ಕಲಿತುಬಿಡುತ್ತಾನೆ ಎಂಬುದನ್ನು ನಾವು ನಮ್ಮ ಮನೆಗಳಲ್ಲಿಯೂ ನೋಡುತ್ತೇವೆ.

ನೀರು ತಂದವನು

ಯುದ್ಧಕ್ಕಿಂತ ಹೆಚ್ಚು ಕಾಲ ಉಳಿದದ್ದು ಅವನ ಇನ್ನೊಂದು ಕೆಲಸ. 1610ರಲ್ಲಿ ಖಡ್ಕಿ ಎಂಬ ಹಳ್ಳಿಯಲ್ಲಿ ಅವನು ಹೊಸ ನಗರ ಕಟ್ಟಲು ತೊಡಗಿದ. ಅದು ಮುಂದೆ ಔರಂಗಾಬಾದ್ ಎಂದು ಹೆಸರಾಯಿತು. 2023ರಿಂದ ಛತ್ರಪತಿ ಸಂಭಾಜಿನಗರ. ಮಳೆ ಕಡಿಮೆಯ ಆ ಸೀಮೆಯಲ್ಲಿ ದೊಡ್ಡ ಊರಿಗೆ ನೀರು ಎಲ್ಲಿಂದ? ಬೆಟ್ಟದ ಬುಡದಲ್ಲಿ ನೆಲದೊಳಗೆ ಜಿನುಗುವ ನೀರನ್ನು ಸುರಂಗಗಳಲ್ಲಿ ಕೂಡಿಸಿ, ಇಳಿಜಾರಿನ ಬಲದಿಂದಲೇ ನಗರಕ್ಕೆ ಹರಿಸಿದ. ನಡುನಡುವೆ ಗಾಳಿಯಾಡಲು, ಹೂಳು ತೆಗೆಯಲು ಬಾವಿಯಂಥ ಕಿಂಡಿಗಳು. ನೀರೆತ್ತಲು ಎತ್ತು ಬೇಡ, ಯಂತ್ರ ಬೇಡ. ನಹರ್-ಎ-ಅಂಬರಿ ಎಂದು ಕರೆಯುವ ಈ ಕಾಲುವೆ ಮೂರು ಶತಮಾನಕ್ಕೂ ಹೆಚ್ಚು ಕಾಲ ಜನರ ದಾಹ ತಣಿಸಿತು. ನೆಲದಡಿಯ ಇಂಥ ಕಾಲುವೆ ನಮ್ಮ ಬೀದರಿನಲ್ಲಿಯೂ ಇದೆ. ಬೇಸಿಗೆಯಲ್ಲಿ ಕೊಡ ಹಿಡಿದು ನಲ್ಲಿಗೆ ಕಾಯುವ ನಮ್ಮ ತಾಯಂದಿರಿಗೆ ಈ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ರೈತನ ಕಂದಾಯದ ವಿಷಯದಲ್ಲಿಯೂ ಅವನು ಹಾಗೆಯೇ ನಡೆದುಕೊಂಡ. ಅದುವರೆಗೆ ಊರಿನ ಕಂದಾಯವನ್ನು ಗುತ್ತಿಗೆ ಹಿಡಿದವರು ತಮಗೆ ತೋಚಿದಷ್ಟು ಕಿತ್ತುಕೊಳ್ಳುತ್ತಿದ್ದರು. ಅಂಬರ್ ಭೂಮಿಯ ಗುಣ, ನಿಜವಾಗಿ ಬೆಳೆದ ಬೆಳೆ ನೋಡಿ ತೆರಿಗೆ ಗೊತ್ತುಮಾಡಿದ. ಊರ ಪಟೇಲರ ಹಕ್ಕುಗಳನ್ನು ಉಳಿಸಿದ. ಈ ವ್ಯವಸ್ಥೆಯನ್ನು ಮುಂದೆ ಮರಾಠರೂ ನೆನೆದರು, ಎರಡು ಶತಮಾನದ ನಂತರ ಬಂದ ಬ್ರಿಟಿಷ್ ಅಧಿಕಾರಿಗಳೂ ಹೊಗಳಿ ಬರೆದರು. ಬರಗಾಲಕ್ಕೆ ಮುನ್ನ ಕಣಜ ತುಂಬಿಸಿದ ಜೋಸೆಫ ಇಲ್ಲಿ ಮತ್ತೊಮ್ಮೆ ನೆನಪಾಗುತ್ತಾನೆ. ಹಸಿವಿನಿಂದ ಮಾರಾಟವಾದ ಹುಡುಗ ಹಸಿವನ್ನು ಮರೆತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಮುದುಕನ ಕೊನೆಯ ಯುದ್ಧ

ಸೋಲುಗಳೂ ಬಂದವು. 1616ರಲ್ಲಿ ಮೊಗಲರು ಅವನನ್ನು ಸೋಲಿಸಿ ಖಡ್ಕಿಯನ್ನು ಸುಟ್ಟರು. ರಾಜಕುಮಾರ ಖುರ್ರಮನಿಗೆ, ಎಂದರೆ ಮುಂದಿನ ಷಹಜಹಾನನಿಗೆ, ಎರಡು ಸಲ ಕೋಟೆಗಳನ್ನು ಬಿಟ್ಟುಕೊಟ್ಟು ಸಂಧಿ ಮಾಡಿಕೊಳ್ಳಬೇಕಾಯಿತು. ಪ್ರತಿ ಸಲವೂ ಮತ್ತೆ ಎದ್ದ. 1624ರಲ್ಲಿ ಮೊಗಲರೂ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನೂ ಒಂದಾಗಿ ಅವನ ಮೇಲೆ ಬಂದರು. ಆಗ ಅಂಬರನಿಗೆ ಎಪ್ಪತ್ತಾರರ ಸುಮಾರು.

ಅಹಮದ್‌ನಗರದ ಹತ್ತಿರ ಭಾತವಡಿ ಎಂಬಲ್ಲಿ ಅವನು ಕಾದ. ಕೆರೆಯ ಏರಿ ಒಡೆಸಿ ನೆಲವನ್ನೆಲ್ಲ ಕೆಸರು ಮಾಡಿಸಿದ. ಶತ್ರುವಿನ ಆನೆಬಂಡಿ, ಫಿರಂಗಿ ಹೂತುಕೊಂಡವು. ರಾತ್ರಿ ದಾಳಿಗಳಿಂದ ಸೈನ್ಯ ಕಂಗೆಟ್ಟಿತು. ಬಿಜಾಪುರದ ಸೇನಾಪತಿ ಮುಲ್ಲಾ ಮುಹಮ್ಮದ್ ಲಾರಿ ಸತ್ತ. ಮೊಗಲ್ ಸರದಾರರು ಸೆರೆಸಿಕ್ಕರು. ಮೂವತ್ತರ ಹರೆಯದ ಶಹಾಜಿ ಭೋಂಸ್ಲೆ ಅಂಬರನ ಪರ ಹೋರಾಡಿ ಹೆಸರು ಗಳಿಸಿದ್ದು ಇಲ್ಲಿಯೇ. ಅವರ ತಮ್ಮ ಶರೀಫಜಿ ಅದೇ ಯುದ್ಧದಲ್ಲಿ ಮಡಿದರು.

ಗೆದ್ದ ಅಂಬರ್ ನೇರವಾಗಿ ಬಿಜಾಪುರಕ್ಕೆ ನುಗ್ಗಿದ. ಸಂಗೀತಪ್ರಿಯ ಇಬ್ರಾಹಿಂ ಅಕ್ಕರೆಯಿಂದ ಕಟ್ಟಿಸುತ್ತಿದ್ದ ನವರಸಪುರವನ್ನು ಲೂಟಿ ಮಾಡಿದ. ಇಂದಿಗೂ ವಿಜಯಪುರದ ಪಕ್ಕದ ತೊರವಿಯಲ್ಲಿ ಆ ನಗರದ ಮುರಿದ ಗೋಡೆಗಳನ್ನು ನೋಡಬಹುದು. ನಮ್ಮ ಕನ್ನಡ ನೆಲಕ್ಕೆ ಅಂಬರ್ ಮಾಡಿದ ಗಾಯ ಅದು, ಹೇಳದೆ ಬಿಡುವಂತಿಲ್ಲ. ಮರುವರ್ಷ ಸೊಲ್ಲಾಪುರದ ಕೋಟೆಯೂ ಅವನದಾಯಿತು.

1626ರ ಮೇ ತಿಂಗಳಲ್ಲಿ ಅವನು ತೀರಿಕೊಂಡ. ತಲೆ ಸಿಕ್ಕರೆ ಸಾಕೆಂದು ಕಾದಿದ್ದ ಮೊಗಲ್ ಆಸ್ಥಾನದ ಚರಿತ್ರೆಕಾರನೇ, ಯುದ್ಧದಲ್ಲಿ, ಆಡಳಿತದಲ್ಲಿ, ವಿವೇಕದಲ್ಲಿ ಅವನಿಗೆ ಸಮಾನರಿಲ್ಲವೆಂದು ಒಪ್ಪಿ ಬರೆದ. ಮಗ ಫತೇಖಾನ್ ತಂದೆಯಂತಿರಲಿಲ್ಲ. 1633ರಲ್ಲಿ ದೌಲತಾಬಾದ್ ಮೊಗಲರ ಕೈಸೇರಿತು. 1636ರಲ್ಲಿ ರಾಜ್ಯವೇ ಅಳಿಯಿತು. ಆಗ ಶಹಾಜಿ ಬಿಜಾಪುರದ ಸೇವೆಗೆ ಸೇರಿ, 1638ರಲ್ಲಿ ಸೇನಾಪತಿ ರಣದುಲ್ಲಾ ಖಾನನೊಡನೆ ಕರ್ನಾಟಕದ ದಂಡಯಾತ್ರೆಗೆ ಬಂದರು. ಬೆಂಗಳೂರು ಅವರಿಗೆ ಜಾಗೀರಾಯಿತು. ಕೊನೆಗೆ ನಮ್ಮ ಹೊದಿಗೆರೆಯ ಮಣ್ಣು ಅವರನ್ನು ಸೇರಿಸಿಕೊಂಡಿತು.

ಅಂಬರನ ಸಮಾಧಿ ಇರುವುದು ಖುಲ್ದಾಬಾದಿನಲ್ಲಿ, ಎಲ್ಲೋರಕ್ಕೆ ಬಲು ಹತ್ತಿರ. ಎಲ್ಲೋರದ ಕೈಲಾಸ ದೇವಾಲಯವನ್ನು ನಮ್ಮ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ ಒಂದೇ ಬಂಡೆಯಿಂದ, ಮೇಲಿನಿಂದ ಕೆಳಕ್ಕೆ ಕಡೆಯಿಸಿದ. ಎಥಿಯೋಪಿಯದ ಲಾಲಿಬೆಲದಲ್ಲಿಯೂ ಶಿಲ್ಪಿಗಳು ಹೀಗೆಯೇ ಮೇಲಿನಿಂದ ಕೆಳಕ್ಕೆ ಕಡೆದಿದ್ದರು. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ತಾಯ್ನಾಡಿನಂಥದೇ ಬಂಡೆಯ ನೆರಳಿನಲ್ಲಿ ಅವನು ಮಲಗಿದ್ದಾನೆ. ಜೋಸೆಫನಿಗೆ ಕಡೆಗಾಲದಲ್ಲಿ ಅಣ್ಣತಮ್ಮಂದಿರು ಸಿಕ್ಕರು, ಮುದಿ ತಂದೆ ಸಿಕ್ಕರು, ಅಪ್ಪಿಕೊಂಡು ಅಳಲು ಒಂದು ಹೆಗಲು ಸಿಕ್ಕಿತು. ಚಾಪುವಿನ ತಾಯಿಗೆ ಮಗ ಏನಾದನೆಂದು ಎಂದಿಗೂ ತಿಳಿಯಲಿಲ್ಲ.

ನಮ್ಮ ನಡುವೆ ಇರುವವರು

ಅಂಬರನೊಬ್ಬನೇ ಅಲ್ಲ. ಬೀದರಿನಲ್ಲಿ ಹಬ್ಶಿ ಸರದಾರರ ಗೋರಿಗಳಿರುವ ಗುಡ್ಡಕ್ಕೆ ಹಬ್ಶಿ ಕೋಟ್ ಎಂದೇ ಹೆಸರು. ವಿಜಯಪುರದ ಇಬ್ರಾಹಿಂ ರೋಜಾದ ಶಾಸನದಲ್ಲಿ ಅದರ ನಿರ್ಮಾಣ ನೋಡಿಕೊಂಡವನು ಮಲಿಕ್ ಸಂದಲ್ ಎಂದಿದೆ. ಅವನೂ ಹಬ್ಶಿಯೆಂದು ಹೇಳುತ್ತಾರೆ. ಸಂದಲ್ ಎಂದರೆ ಗಂಧ. ಮತ್ತೆ ಸುಗಂಧದ ಹೆಸರು. ಆದರೆ ಸರದಾರರಾದವರು ಬೆರಳೆಣಿಕೆಯಷ್ಟು ಮಂದಿ. ಉಳಿದ ಸಾವಿರಾರು ಜನ ಹೆಸರಿಲ್ಲದೆ ದುಡಿದು ಸತ್ತರು. ಒಬ್ಬ ಅಂಬರನ ಏಳಿಗೆಯನ್ನು ತೋರಿಸಿ ಆ ವ್ಯವಸ್ಥೆ ಒಳ್ಳೆಯದಿತ್ತು ಎಂದು ಯಾರೂ ಹೇಳಬಾರದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲದ ಕಾಡುಗಳಲ್ಲಿ ಸಿದ್ದಿಗಳು ಬಾಳುತ್ತಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮಂತೆ ಬಲಿಪೂಜೆಗೆ ಬರುವ ಕಥೋಲಿಕರೂ ಇದ್ದಾರೆ. ಅವರ ಪೂರ್ವಜರಲ್ಲಿ ಬಹಳ ಮಂದಿಯನ್ನು ಗೋವೆಗೆ ತಂದು ಮಾರಿದವರು ಪೋರ್ಚುಗೀಸರು. ಕುತ್ತಿಗೆಯಲ್ಲಿ ಶಿಲುಬೆ ತೂಗಿಸಿಕೊಂಡವರೇ ಮನುಷ್ಯರನ್ನು ಕೊಂಡರು, ಮಾರಿದರು. ಅವರ ಕೈಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇದು ನಮ್ಮ ಮನೆಯ ಚರಿತ್ರೆ, ನಾವು ಕಣ್ಣು ಮುಚ್ಚುವಂತಿಲ್ಲ. ಜಗದ್ಗುರು ಎರಡನೆಯ ಜಾನ್ ಪಾಲ್ 1992ರಲ್ಲಿ ಸೆನೆಗಲ್ ದೇಶದ ಗೊರೆ ದ್ವೀಪದಲ್ಲಿ, ಗುಲಾಮರನ್ನು ಹಡಗಿಗೆ ತುಂಬುತ್ತಿದ್ದ ಮನೆಯ ಮುಂದೆ ನಿಂತು, ಈ ಪಾಪಕ್ಕಾಗಿ ಕ್ಷಮೆ ಬೇಡಿದರು. ಬಾಲ್ಯದಲ್ಲಿ ಅಪಹರಿಸಲ್ಪಟ್ಟು, ಭಯದಿಂದ ತನ್ನ ಸ್ವಂತ ಹೆಸರನ್ನೇ ಮರೆತುಹೋದ ಸೂಡಾನಿನ ಬಕೀತಾಳನ್ನು ಧರ್ಮಸಭೆ 2000ದಲ್ಲಿ ಸಂತಳೆಂದು ಸಾರಿತು.

ಕರ್ನಾಟಕದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಆ ಸಮುದಾಯದಿಂದ ಅಲ್ಲಿಗೆ ಬಂದವರಲ್ಲಿ ಅವರೇ ಮೊದಲಿಗರು. ಆದರೂ ಸಿದ್ದಿಗಳು ಪೇಟೆಗೆ ಬಂದರೆ ನೀವು ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳುವವರಿದ್ದಾರೆ. ಕನ್ನಡ, ಕೊಂಕಣಿ ಮಾತಾಡುವ ನಮ್ಮದೇ ಜನರಿಗೆ ಕೇಳುವ ಪ್ರಶ್ನೆಯೇ ಇದು?

ಓದುಗರೇ, ನಾವಿರುವ ಬಡಾವಣೆಗೆ ದೇವರಾಜ ಅರಸು ಅವರ ಹೆಸರಿದೆ. ಜೀತದಾಳುಗಳ ಬಿಡುಗಡೆಗೆ, ಉಳುವವನಿಗೆ ಭೂಮಿ ಕೊಡಿಸುವುದಕ್ಕೆ 1970ರ ದಶಕದಲ್ಲಿ ಶ್ರಮಿಸಿದ ಮುಖ್ಯಮಂತ್ರಿ ಅವರು. ವಿಳಾಸ ಬರೆಯುವಾಗ ದಿನವೂ ಬರೆಯುವ ಈ ಹೆಸರು ನಮಗೆ ಒಂದು ಕೆಲಸವನ್ನು ನೆನಪಿಸಬೇಕು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನನ್ನು, ಬಿಹಾರದಿಂದ ಬಂದು ಗಾರೆ ಕೆಲಸ ಮಾಡುವ ತರುಣನನ್ನು, ಮನೆಗೆಲಸಕ್ಕೆ ಬರುವ ಹೆಣ್ಣುಮಗಳನ್ನು ನಾವು ಏನೆಂದು ಕರೆಯುತ್ತೇವೆ? ಏ ಹುಡುಗ, ಭಯ್ಯಾ, ಕೆಲಸದವಳು. ಅವರಿಗೂ ತಾಯಿ ಇಟ್ಟ ಹೆಸರಿದೆ. ಒಮ್ಮೆ ಕೇಳಿ, ಆ ಹೆಸರಿನಿಂದಲೇ ಕರೆಯಿರಿ. ಶಾಲೆಗೆ ಹೋಗಬೇಕಾದ ವಯಸ್ಸಿನ ಮಗು ಕೆಲಸಕ್ಕೆ ನಿಂತಿದ್ದರೆ ಸುಮ್ಮನಿರಬೇಡಿ.

ಈ ವಾರ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಚಾಪುವಿನ ಕಥೆ ಹೇಳಿ. ದೀಕ್ಷಾಸ್ನಾನದ ಸಂಸ್ಕಾರ ಶುರುವಾಗುವಾಗ ದೇವಾಲಯದ ಬಾಗಿಲಲ್ಲಿ ಗುರುಗಳು ತಂದೆತಾಯಿಯನ್ನು ಮೊಟ್ಟಮೊದಲು ಕೇಳುವುದು ಮಗುವಿನ ಹೆಸರನ್ನು ಎಂಬುದನ್ನೂ ಅವರಿಗೆ ನೆನಪಿಸಿ.